ಈಚಲ ಮರದ ಕೆಳಗಿನ ಮಜ್ಜಿಗೆ: ಜನ ಕೀಳಾಗಿ ಕಾಣುವ ಕೆಲಸದವರ ಗೆಳೆತನ ಮಾಡಿದರೆ ನಮ್ಮ ಹೆಸರಿಗೆ ಏನಾಗುತ್ತದೆ?

ಶಿವಮೊಗ್ಗದ ಬಸ್ ನಿಲ್ದಾಣದ ಹತ್ತಿರ ಒಂದು ಚಿಕ್ಕ ಹೋಟೆಲ್. ತೀರ್ಥಹಳ್ಳಿ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ನಾನೂ ಅಕ್ಕನೂ ಕಾಫಿ ಕುಡಿಯುತ್ತಾ ಕೂತಿದ್ದೆವು. ನಡೆದದ್ದು ಅಷ್ಟೇ. ಅವತ್ತು ರಾತ್ರಿ ಊಟಕ್ಕೆ ಕೂರುವ ಮೊದಲೇ ಚಿಕ್ಕಮ್ಮನ ಫೋನ್ ಬಂತು.

"ಅಲ್ಲ ಮಾರಾಯ್ತಿ, ಆ ಹೆಂಗಸಿನ ಜೊತೆ ಎಂತಕ್ಕೆ ಕೂತಿದ್ದೆ? ನೋಡಿದವರು ಎಂತ ತಿಳ್ಕೊಳ್ತಾರೆ?"

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. 6 ವರ್ಷದ ಹಿಂದೆ ನಮ್ಮಮ್ಮ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ 20 ದಿನ ಇದ್ದರು. ಪಕ್ಕದ ಹಾಸಿಗೆಯಲ್ಲಿ ಅಕ್ಕನ ತಾಯಿ. ರಾತ್ರಿ ನನಗೆ ಜೊಂಪು ಹತ್ತಿದರೆ ನಮ್ಮಮ್ಮನ ಡ್ರಿಪ್ ಖಾಲಿಯಾಗದಂತೆ ನೋಡಿಕೊಂಡವರು ಅವರು. ಬೆಳಿಗ್ಗೆ ಗಂಜಿ ತಂದರೆ ಇಬ್ಬರು ತಾಯಂದಿರಿಗೂ ತರುತ್ತಿದ್ದರು. ಹದಿನೈದು ದಿನ ಕಳೆದ ಮೇಲೆ ಅವರೇ ಹೇಳಿದರು: "ನಾನು ದಂಧೆ ಮಾಡ್ತೀನಿ. ಆಮೇಲೆ ಯಾರಿಂದಲೋ ಗೊತ್ತಾಗಿ ನಿನಗೆ ಬೇಜಾರಾಗಬಾರದು, ಅದಕ್ಕೆ ಹೇಳಿದೆ." ದಂಧೆ ಎಂದರೆ ಲೈಂಗಿಕ ವೃತ್ತಿ. ಆ ಹೊತ್ತಿಗೆ ನಾವು ಗೆಳತಿಯರಾಗಿ ಆಗಿತ್ತು.

ಚಿಕ್ಕಮ್ಮ ಕೆಟ್ಟವರಲ್ಲ. ಅವರ ಹೆದರಿಕೆ ಸುಳ್ಳೂ ಅಲ್ಲ. ಜನ ಕೀಳಾಗಿ ಕಾಣುವ ಕೆಲಸದಲ್ಲಿ ಇರುವವರ ಜೊತೆ ಗೆಳೆತನ ಮಾಡಿದರೆ ನಮ್ಮ ಹೆಸರಿಗೆ ಪೆಟ್ಟು ಬೀಳಬಹುದು. ಬೀಳುವುದಿಲ್ಲ ಎಂದು ಧೈರ್ಯ ತುಂಬುವವರ ಮಾತನ್ನು ನಾನು ನಂಬುವುದಿಲ್ಲ. ಆದರೆ ಆ ಪೆಟ್ಟು ಹೇಗೆ ಬೀಳುತ್ತದೆ, ಎಷ್ಟು ಬೀಳುತ್ತದೆ, ಹೆಚ್ಚು ಬೀಳುವುದು ಯಾರಿಗೆ ಎಂಬುದನ್ನು ನಾವು ಸರಿಯಾಗಿ ಲೆಕ್ಕ ಹಾಕುವುದಿಲ್ಲ. ನಾನೂ ತಪ್ಪು ಲೆಕ್ಕ ಹಾಕಿದೆ. ಅದರ ಬೆಲೆ ಕೊಟ್ಟವರು ಅಕ್ಕ.

ಮರ, ಮಜ್ಜಿಗೆ, ನೋಡುವವರು

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರೆ. ಈ ಗಾದೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಿ. ಕುಡಿಯುವವನ ತಪ್ಪು ಏನೂ ಇಲ್ಲ, ಲೋಟದಲ್ಲಿ ಇರುವುದು ಮಜ್ಜಿಗೆಯೇ. ಗಾದೆಯೇ ಅದನ್ನು ಒಪ್ಪುತ್ತದೆ. ಆದರೂ ಎಚ್ಚರಿಕೆ ಹೇಳುವುದು ಅವನಿಗೆ. ನೋಡುವವರಿಗೆ "ಹತ್ತಿರ ಹೋಗಿ ಲೋಟ ನೋಡು" ಎಂದು ಯಾವ ಗಾದೆಯೂ ಹೇಳುವುದಿಲ್ಲ. ಇನ್ನೂ ಒಂದು ಇದೆ. ಆ ಮರದಿಂದ ಹೆಂಡ ಇಳಿಸಿ ಹೊಟ್ಟೆ ಹೊರೆಯುವ ಮನುಷ್ಯ ಗಾದೆಯಲ್ಲಿ ಎಲ್ಲೂ ಕಾಣುವುದಿಲ್ಲ. ಅವನ ಹೆಸರು ಮೊದಲೇ ಹೋಗಿದೆ ಎಂದು ಎಲ್ಲರೂ ಒಪ್ಪಿಕೊಂಡ ಹಾಗಿದೆ.

"ಸಹವಾಸ ದೋಷ" ಎಂದು ನಾವು ಎರಡು ಪದದಲ್ಲಿ ಮುಗಿಸುವ ವಿಷಯವನ್ನು ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1963ರಲ್ಲಿ ವಿವರವಾಗಿ ಬರೆದರು. ಕಳಂಕ ಹೊತ್ತವರ ಹತ್ತಿರ ಇರುವವರಿಗೂ ಅದರ ಒಂದು ಪಾಲು ಬರುತ್ತದೆ ಎಂದರು. ಜೈಲಿಗೆ ಹೋಗಿ ಬಂದವನ ಮಗಳು, ಗಲ್ಲಿಗೆ ಏರಿಸುವ ಕೆಲಸದವನ ಮನೆಯವರು ಅವರು ಕೊಟ್ಟ ಉದಾಹರಣೆಗಳು. ಕಳಂಕ ಹೀಗೆ ಹರಡುವುದರಿಂದಲೇ ಜನ ಇಂಥ ಸಂಬಂಧಗಳನ್ನು ಶುರು ಮಾಡಲು ಹಿಂಜರಿಯುತ್ತಾರೆ, ಇದ್ದರೆ ಕಡಿದುಕೊಳ್ಳುತ್ತಾರೆ ಎಂದೂ ಹೇಳಿದರು. ಅಂದರೆ ದೂರ ಸರಿಯುವವರೆಲ್ಲ ಮನಸ್ಸಿನಲ್ಲಿ ದ್ವೇಷ ಇಟ್ಟುಕೊಂಡೇ ಸರಿಯುವುದಿಲ್ಲ. ಬಹಳ ಜನ ತಮ್ಮ ಪಾಲಿಗೆ ಹೆದರಿ ಸರಿಯುತ್ತಾರೆ.

ಇದಕ್ಕೆ ಗೆಳೆತನವೂ ಬೇಕಾಗಿಲ್ಲ. 2003ರಲ್ಲಿ ಮಿಷೆಲ್ ಹೆಬ್ಲ್ ಮತ್ತು ಲಾರಾ ಮ್ಯಾನಿಕ್ಸ್ ಎಂಬ ಸಂಶೋಧಕಿಯರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲಸಕ್ಕೆ ಅರ್ಜಿ ಹಾಕಿದ ಗಂಡಸು ದಪ್ಪಗಿರುವ ಹೆಂಗಸಿನ ಪಕ್ಕದಲ್ಲಿ ಕೂತಿದ್ದರೆ, ನೋಡಿದವರು ಅವನಿಗೆ ಕಡಿಮೆ ಬೆಲೆ ಕಟ್ಟಿದರು. ಇಬ್ಬರಿಗೂ ಪರಿಚಯವೇ ಇಲ್ಲ ಎನ್ನುವಾಗಲೂ ಹಾಗೇ ಆಯಿತು. ಪಕ್ಕದ ಕುರ್ಚಿ ಅಷ್ಟೇ ಸಾಕಾಯಿತು. ನಮ್ಮ ಈಚಲ ಮರವೇ ಅಲ್ವಾ ಇದು?

ಮಲೆನಾಡಿನಲ್ಲಿ ಇದು ಯಾಕೆ ಜೋರು

ದೊಡ್ಡ ಊರಿನಲ್ಲಿ ನಾನು ಯಾರ ಜೊತೆ ಕಾಫಿ ಕುಡಿದೆ ಎಂದು ಯಾರೂ ಗಮನಿಸುವುದಿಲ್ಲ. ನಮ್ಮ ಕಡೆ ಹಾಗಲ್ಲ. ಮನೆಗಳು ದೂರ ದೂರ. ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ ದಾಟಬೇಕು, ಗದ್ದೆ ದಾಟಬೇಕು, ಹಳ್ಳ ದಾಟಬೇಕು. ಆದರೆ ಸುದ್ದಿ ಹತ್ತಿರ ಹತ್ತಿರ. ಒಂದೇ ಬಸ್ಸು, ಒಂದೇ ಅಂಗಡಿ, ಒಂದೇ ಸೊಸೈಟಿ. ಜನರನ್ನು ಗುರುತಿಸುವುದು ಮನೆಯ ಹೆಸರಿನಿಂದ. ಹಾಗಾಗಿ ನನ್ನ ಹೆಸರು ನನ್ನೊಬ್ಬಳದ್ದಲ್ಲ. ಅದರಲ್ಲಿ ನನ್ನ ತಮ್ಮನ ಪಾಲಿದೆ, ಇನ್ನೂ ಮದುವೆಯಾಗದ ಚಿಕ್ಕಪ್ಪನ ಮಗಳ ಪಾಲಿದೆ. ಚಿಕ್ಕಮ್ಮ ಫೋನ್ ಮಾಡಿದ್ದು ನನಗಾಗಿ ಅಲ್ಲ, ಅವಳಿಗಾಗಿ.

ಹೆಸರು ಇಲ್ಲಿ ಸುಮ್ನೆ ಮರ್ಯಾದೆಯ ವಿಷಯವೂ ಅಲ್ಲ. ಅದರಿಂದ ಕೆಲಸ ಆಗುತ್ತದೆ. ನಾಟಿ ಸಮಯದಲ್ಲಿ ಮುಯ್ಯಾಳು, ಅಂದರೆ ಕೆಲಸಕ್ಕೆ ಬದಲಾಗಿ ಕೆಲಸ ಮಾಡಿಕೊಡುವವರು, ಬರಬೇಕು. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಜನ ಬೇಕು. ಸೊಸೈಟಿ ಸಾಲಕ್ಕೆ ಯಾರಾದರೂ ಜಾಮೀನು ಹಾಕಬೇಕು. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದರೆ ಪಕ್ಕದ ಮನೆಯ ಜೀಪು ಹೊರಡಬೇಕು. ಇದಕ್ಕೆಲ್ಲ ಕಾಗದ ಪತ್ರ ಇಲ್ಲ. ಹೆಸರೇ ಕಾಗದ.

ಮದುವೆ ವಿಚಾರಣೆ ಹೇಗೆ ನಡೆಯುತ್ತದೆ ಎಂದು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹುಡುಗಿ ಒಳ್ಳೆಯವಳಾ, ಹುಡುಗ ಸಾಲ ಮಾಡುತ್ತಾನಾ ಎಂದು ಯಾರೂ ನೇರವಾಗಿ ಮನೆಗೆ ಬಂದು ಕೇಳುವುದಿಲ್ಲ. ಅಂಗಡಿಯಲ್ಲಿ ಕೇಳುತ್ತಾರೆ. ಅಡಿಕೆ ಮಂಡಿಯಲ್ಲಿ ಕೇಳುತ್ತಾರೆ. ಕಂಡಕ್ಟರನ್ನು ಕೇಳುತ್ತಾರೆ. ಗುಣ ಎನ್ನುವುದು ಕಣ್ಣಿಗೆ ಕಾಣುವ ವಸ್ತು ಅಲ್ಲ. ಯಾರ ಜೊತೆ ಓಡಾಡುತ್ತಾರೆ ಎಂಬುದು ಕಾಣುತ್ತದೆ. ಹಾಗಾಗಿ ಕಾಣದ್ದನ್ನು ಅಳೆಯಲು ಕಾಣುವುದನ್ನು ಬಳಸುತ್ತಾರೆ. ಕಾರ್ತೀಕ ಕಳೆದ ಮೇಲೆ ಅಡಿಕೆ ಸುಲಿಯಲು ಮೆಟ್ಟುಕತ್ತಿಯ ಮೇಲೆ ಕೂತ ಹತ್ತು ಜನರ ಕೈ ಒಂದೇ ಕೆಲಸ ಮಾಡುತ್ತಿರುತ್ತದೆ, ಬಾಯಿ ಖಾಲಿ ಇರುತ್ತದೆ. ಎಂಟು ಗಂಟೆಗೆ "ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಳಂತೆ" ಎಂದು ಶುರುವಾದ ಮಾತು ಹತ್ತು ಗಂಟೆಗೆ "ಅವಳ ಮನೆಗೆ ಹೋಗಿ ಬರ್ತಾಳಂತೆ" ಆಗುತ್ತದೆ. ಯಾರೂ ಬೇಕೆಂದು ಸುಳ್ಳು ಹೇಳಿರುವುದಿಲ್ಲ. ಪ್ರತಿಯೊಬ್ಬರೂ ಒಂದೊಂದು ಸಣ್ಣ "ಅಂತೆ" ಸೇರಿಸಿರುತ್ತಾರೆ.

ಈ ಅಳತೆ ಎಲ್ಲರಿಗೂ ಒಂದೇ ಅಲ್ಲ. ದೊಡ್ಡ ತೋಟದ ಯಜಮಾನರು ಬಾರಿನ ಸಪ್ಲೈಯರ್ ಹುಡುಗನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರೆ "ದೊಡ್ಡ ಮನಸ್ಸು" ಎನ್ನುತ್ತಾರೆ. ಅದೇ ಕೆಲಸವನ್ನು ಗಂಡ ತೀರಿಕೊಂಡ ಅಂಗನವಾಡಿ ಕಾರ್ಯಕರ್ತೆ ಮಾಡಿದರೆ ಏನನ್ನುತ್ತಾರೆ ಎಂದು ನಾನು ಬರೆಯಬೇಕಾಗಿಲ್ಲ. 1958ರಲ್ಲಿ ಎಡ್ವಿನ್ ಹಾಲಂಡರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಜಮೆಯ ಲೆಕ್ಕದ ಹಾಗೆ ವಿವರಿಸಿದರು. ಗುಂಪಿನ ರೀತಿಗೆ ತಕ್ಕಂತೆ ನಡೆದು ನಾವು ಒಳ್ಳೆಯ ಹೆಸರು ಕೂಡಿಡುತ್ತೇವೆ. ರೀತಿ ಮೀರಿದಾಗ ಅದರಿಂದ ಖರ್ಚಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳಿದರೆ ದಿನಾ ಪಿಗ್ಮಿ ಕಟ್ಟಿದ ಹಾಗೆ. ಪಿಗ್ಮಿ ಜಾಸ್ತಿ ಇದ್ದವರಿಗೆ ಒಂದು ಕಾಫಿ ಏನೂ ಅಲ್ಲ. ಹೊಸದಾಗಿ ಮದುವೆಯಾಗಿ ಬಂದವಳ ಖಾತೆಯಲ್ಲಿ ಇನ್ನೂ ಏನೂ ಇಲ್ಲ. ಅವಳಿಗೆ ಅದೇ ಕಾಫಿ ದುಬಾರಿ. ಹಾಗಾಗಿ "ನಾನು ಯಾರಿಗೂ ಕೇರ್ ಮಾಡಲ್ಲ" ಎಂದು ಹೇಳುವವರನ್ನು ಕಂಡರೆ, ಅವರ ಖಾತೆಯಲ್ಲಿ ಎಷ್ಟಿದೆ ಎಂದು ನಾನು ಮೊದಲು ನೋಡುತ್ತೇನೆ.

ಕಳಂಕ ಅಂದರೆ ಒಂದೇ ಬಗೆಯದಲ್ಲ

ಕೆಲವು ಕೆಲಸಗಳಿಗೆ ಕಳಂಕ ಬರುವುದು ಮೈ, ಹೆಣ, ಹೊಲಸು ಎಂಬ ಕಾರಣಕ್ಕೆ. ಶವಾಗಾರ, ಸುಡುಗಾಡು, ಒಳಚರಂಡಿ, ಚರ್ಮ. ಇನ್ನು ಕೆಲವಕ್ಕೆ ನೀತಿಯ ಹೆಸರಿನಲ್ಲಿ. ಲೈಂಗಿಕ ವೃತ್ತಿ, ಬಾರು, ಕಳ್ಳಬಟ್ಟಿ. ಇಂಥವರ ಸೇವೆ ಮಾಡುವವರಿಗೂ ಒಂದು ಪಾಲು ಬರುತ್ತದೆ. ಎಚ್‌ಐವಿ ಇರುವವರ ಮನೆಗೆ ಹೋಗುವ ಆಪ್ತ ಸಮಾಲೋಚಕಿಯನ್ನು ಅಕ್ಕಪಕ್ಕದವರು ನೋಡುವ ರೀತಿ ನೀವೂ ಕಂಡಿರಬಹುದು.

ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಹುಡುಗನೊಬ್ಬ ಈಗ ಶವಾಗಾರದಲ್ಲಿ ಕೆಲಸ ಮಾಡುತ್ತಾನೆ. ಊರಿನವರು ಅವನನ್ನು ಕರೆಯುವುದು "ಹೆಣ ಕೊಯ್ಯೋನು" ಎಂದು. ಅವನು ಮಾಡುವ ಕೆಲಸವನ್ನು ಹತ್ತಿರದಿಂದ ಕೇಳಿ ತಿಳಿದುಕೊಂಡಿದ್ದೇನೆ. ಪೋಸ್ಟ್‌ಮಾರ್ಟಂನಲ್ಲಿ ಡಾಕ್ಟರಿಗೆ ಕೈ ಜೋಡಿಸುತ್ತಾನೆ. ಆಮೇಲೆ ಹೊಲಿಗೆ ಹಾಕುತ್ತಾನೆ. ಮೈ ತೊಳೆಯುತ್ತಾನೆ. ಮುಖ ಒರೆಸಿ, ಬಾಯಿ ಮುಚ್ಚಿಸಿ, ಬಟ್ಟೆ ಸುತ್ತಿ ಮನೆಯವರ ಕೈಗೆ ಕೊಡುತ್ತಾನೆ. ತುಂಗೆಯಲ್ಲಿ ಮುಳುಗಿ ಮೂರು ದಿನದ ಮೇಲೆ ಸಿಕ್ಕ ಹುಡುಗನ ಮುಖವನ್ನು ಅವನ ತಾಯಿ ನೋಡುವ ಹಾಗೆ ಮಾಡಿದ್ದು ಅವನೇ. ಆ ತಾಯಿ ಅವನಿಗೆ ಕೈ ಮುಗಿದರಂತೆ. ಅದೇ ಊರಿನವರು ಮರುವಾರ ಅಂಗಡಿಯಲ್ಲಿ ಅವನು ಮುಟ್ಟಿದ ಬಾಳೆಗೊನೆಯ ಹಣ್ಣು ಬೇಡ ಎಂದರಂತೆ.

ಈ ಬಗೆಯ ಹಿಂಜರಿಕೆಯಲ್ಲಿ ಬುದ್ಧಿಗಿಂತ ಹೊಟ್ಟೆ ತೊಳಸುವುದೇ ಜಾಸ್ತಿ. ಪಾಲ್ ರೋಜಿನ್ ಮತ್ತು ಜೊತೆಗಾರರು 1986ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಒಂದು ಕ್ರಿಮಿಯೂ ಇಲ್ಲದಂತೆ ಶುದ್ಧ ಮಾಡಿದ ಸತ್ತ ಜಿರಳೆಯನ್ನು ಹಣ್ಣಿನ ರಸಕ್ಕೆ ಅದ್ದಿ ತೆಗೆದರು. ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ ಕುಡಿಯಲು ಜನರಿಗೆ ಮನಸ್ಸು ಬರಲಿಲ್ಲ. ಮುಟ್ಟಿದ್ದು ಅಂಟುತ್ತದೆ, ಅಂಟಿದ್ದು ಹೋಗುವುದಿಲ್ಲ ಎಂಬ ಭಾವನೆ ಎಲ್ಲ ದೇಶದ ಮನುಷ್ಯರಿಗೂ ಇದೆ. ನಮ್ಮಲ್ಲಿ ಅದಕ್ಕೆ ಮೈಲಿಗೆ ಎಂದು ಹೆಸರು ಕೊಟ್ಟು, ಜಾತಿಗೆ ಕಟ್ಟಿ, ನಿಯಮ ಮಾಡಿಬಿಟ್ಟೆವು. ವ್ಯತ್ಯಾಸ ಇರುವುದು ಅಲ್ಲಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನನ್ನ ಸಹಪಾಠಿಯ ವಿಷಯದಲ್ಲಿ ಜನರ ಆಕ್ಷೇಪ ಕೆಲಸದ ಹೆಸರಿನಲ್ಲಿ ಬರುತ್ತದೆ, ಕೆಳಗೆ ಕೆದಕಿದರೆ ಜಾತಿ ಸಿಗುತ್ತದೆ. ಅವನಿಗೆ ಬೇರೆ ಲೋಟದಲ್ಲಿ ಕಾಫಿ ಕೊಡುವ ಮನೆಗಳಲ್ಲಿ, ಅದೇ ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರಿಗೆ ಬೆಳ್ಳಿ ಲೋಟ ಬರುತ್ತದೆ. ಹಾಗಾದರೆ ಅದು ಹೆಣದ ಮೈಲಿಗೆ ಅಲ್ಲವೇ ಅಲ್ಲ. ಅದು ಅಸ್ಪೃಶ್ಯತೆ. ಅದನ್ನು "ನನ್ನ ಹೆಸರಿಗೆ ಎಷ್ಟು ನಷ್ಟ" ಎಂಬ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ. ಸಂವಿಧಾನದ 17ನೇ ವಿಧಿ ಅದನ್ನು ರದ್ದು ಮಾಡಿದೆ. ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ಜೊತೆಗಿರುವ ಗೆಳೆಯರನ್ನೂ ಕಾಯುತ್ತದೆ. ಅಸ್ಪೃಶ್ಯತೆ ಆಚರಿಸಲು ಒಪ್ಪಲಿಲ್ಲ ಎಂಬ ಕಾರಣಕ್ಕೆ ತಮ್ಮದೇ ಸಮುದಾಯದ ಒಬ್ಬರನ್ನು ಹೊರಗಿಟ್ಟರೆ ಅದು ಅಪರಾಧ. 1 ತಿಂಗಳಿಂದ 6 ತಿಂಗಳವರೆಗೆ ಜೈಲು, ಜೊತೆಗೆ ದಂಡ. "ಅವನ ಮನೆಯಲ್ಲಿ ಉಂಡೆ ಎಂದು ನನ್ನನ್ನು ಜಾತಿಯವರು ಕರೆಯುವುದು ಬಿಟ್ಟರು" ಎನ್ನುವವರು ಈ ಸೆಕ್ಷನ್ ನೆನಪಿಡಬೇಕು.

ಕಳಂಕ ನೀತಿಯಿಂದ ಬರುತ್ತದೆ ಎಂದು ನಂಬಿದವರು ಕೊರೊನಾ ಬಂದ 2020ನ್ನು ನೆನಪು ಮಾಡಿಕೊಳ್ಳಲಿ. ಮಾರ್ಚ್ 22ರಂದು ದೇಶವೆಲ್ಲ ಬಾಗಿಲಲ್ಲಿ ನಿಂತು ಡಾಕ್ಟರು, ನರ್ಸುಗಳಿಗೆ ಚಪ್ಪಾಳೆ ತಟ್ಟಿತು. ಅದೇ ದಿನಗಳಲ್ಲಿ ದೇಶದ ಎಷ್ಟೋ ಕಡೆ ಅವರಿಗೆ ಮನೆ ಖಾಲಿ ಮಾಡಿ ಎಂದರು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಏಪ್ರಿಲ್ 22ರಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆ ಮೂಲಕ ತಿದ್ದುಪಡಿ ತರಬೇಕಾಯಿತು. ನಡುವೆ ಇದ್ದದ್ದು ಒಂದೇ ತಿಂಗಳು. ಅವರು ಮಾಡಿದ ತಪ್ಪು ಏನು? ಕೆಲಸಕ್ಕೆ ಹೋಗಿದ್ದು.

ಕಾನೂನು ಎಲ್ಲಿ ನಿಜವಾಗಿ ತಾಗುತ್ತದೆ

ಚಿಕ್ಕಮ್ಮನ ಎರಡನೇ ಪ್ರಶ್ನೆ ಪೊಲೀಸರದ್ದಾಗಿತ್ತು. "ಅವರನ್ನು ಹಿಡಿದರೆ ನಿನ್ನನ್ನೂ ಎಳೀತಾರೆ" ಎಂದರು. ಇದಕ್ಕೆ ಉತ್ತರ ಹುಡುಕಲು ನಾನು ಒಬ್ಬ ವಕೀಲರ ಹತ್ತಿರ ಕೂತು ಕಾಯ್ದೆ ಓದಿಸಿಕೊಂಡೆ.

1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ, ವಯಸ್ಸಿಗೆ ಬಂದವರು ತಮ್ಮ ಇಚ್ಛೆಯಿಂದ ಲೈಂಗಿಕ ವೃತ್ತಿ ಮಾಡುವುದೇ ಅಪರಾಧ ಎಂದಿಲ್ಲ. ವೇಶ್ಯಾಗೃಹ ನಡೆಸುವುದು, ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು, ಇನ್ನೊಬ್ಬರನ್ನು ಇದಕ್ಕೆ ತಳ್ಳುವುದು, ಇನ್ನೊಬ್ಬರ ಈ ಗಳಿಕೆಯಲ್ಲಿ ಬದುಕುವುದು ಅಪರಾಧ. ಕೊನೆಯದು 4ನೇ ಸೆಕ್ಷನ್. ಶಿಕ್ಷೆ 2 ವರ್ಷದವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಪ್ರಾಪ್ತರ ವಿಷಯವಾದರೆ ಶಿಕ್ಷೆ ಇನ್ನೂ ಕಠಿಣ.

ಗೆಳೆಯರಿಗೆ ಸಂಬಂಧಪಟ್ಟ ಮುಳ್ಳು ಇದೇ ಸೆಕ್ಷನ್ನಿನಲ್ಲಿದೆ. 18 ವರ್ಷ ದಾಟಿದ ಯಾರಾದರೂ ಈ ವೃತ್ತಿಯಲ್ಲಿ ಇರುವವರ ಜೊತೆ ವಾಸವಾಗಿದ್ದರೆ, ಅಥವಾ ರೂಢಿಯಾಗಿ ಅವರ ಸಂಗಡವೇ ಇದ್ದರೆ, ಅವರ ಗಳಿಕೆಯಲ್ಲೇ ಬದುಕುತ್ತಿದ್ದಾರೆ ಎಂದು ಕಾನೂನು ಮೊದಲೇ ಊಹಿಸುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಸಿಕ್ಕಿಬಿದ್ದವರದ್ದು. ಉದ್ದೇಶ ಒಳ್ಳೆಯದೇ, ದಲ್ಲಾಳಿಗಳನ್ನು ಹಿಡಿಯುವುದು. ಆದರೆ ಬರೆದ ರೀತಿ ನೋಡಿ. ಜೊತೆಗಿರುವ ಮುದಿ ತಾಯಿಗೂ, ಕಾಲೇಜಿಗೆ ಹೋಗುವ ಮಗನಿಗೂ, ಗೆಳತಿಗೂ ಅದೇ ಬಲೆ ಬೀಳಬಹುದು. ಸಹವಾಸ ದೋಷ ಇಲ್ಲಿ ಕಾನೂನಿನ ಪುಟಕ್ಕೇ ಬಂದು ಕೂತಿದೆ.

ಹಾಗೆಂದು ಕಾಫಿ ಕುಡಿದವರನ್ನೆಲ್ಲ ಎಳೆದೊಯ್ಯುತ್ತಾರೆ ಎಂದಲ್ಲ. ಆಗಾಗ ಭೇಟಿಯಾಗುವುದು ಬೇರೆ, ರೂಢಿಯಾಗಿ ಸಂಗಡ ಇರುವುದು ಬೇರೆ. ನಿಮ್ಮದೇ ಸಂಬಳ, ನಿಮ್ಮದೇ ಮನೆ ಇದ್ದರೆ ಆ ಊಹೆಯನ್ನು ಮುರಿಯುವುದು ಕಷ್ಟವಲ್ಲ. ವಕೀಲರು ನನಗೆ ಹೇಳಿದ್ದು ಒಂದು ಸರಳ ಮಾತು: ಸಾಲ ಕೊಡುವುದು, ತೆಗೆದುಕೊಳ್ಳುವುದು ಇದ್ದರೆ ಬ್ಯಾಂಕಿನ ಮೂಲಕ ಮಾಡಿ, ಚೀಟಿ ಬರೆದಿಡಿ. ನಾವು ಹಾಗೇ ಮಾಡುತ್ತೇವೆ.

2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಕೊಟ್ಟ ನಿರ್ದೇಶನ ಇಲ್ಲಿ ಮುಖ್ಯ. ಈ ವೃತ್ತಿಯಲ್ಲಿ ಇರುವವರಿಗೂ ಸಂವಿಧಾನದ 21ನೇ ವಿಧಿಯ ಪ್ರಕಾರ ಗೌರವದಿಂದ ಬದುಕುವ ಹಕ್ಕು ಇದೆ ಎಂದಿತು ಕೋರ್ಟ್. ಪೊಲೀಸರು ಅವರನ್ನು ಬೈಯಬಾರದು, ಹಿಂಸಿಸಬಾರದು. ಮಾಧ್ಯಮಗಳು ಅವರ ಗುರುತು ಬಯಲು ಮಾಡಬಾರದು. ನಮ್ಮ ಕಡೆ ದಾಳಿಯ ಸುದ್ದಿ ವಾಟ್ಸಾಪಿನಲ್ಲಿ ಫೋಟೊ ಸಮೇತ ಓಡಾಡುವುದನ್ನು ನೋಡಿದರೆ ಈ ಮಾತು ಎಷ್ಟು ಜನರಿಗೆ ತಲುಪಿದೆ ಎಂದು ಸಂಕಟವಾಗುತ್ತದೆ.

ನಿಮ್ಮ ಮೇಲೆ ಸುಳ್ಳು ಹಬ್ಬಿಸಿದರೆ ಅದಕ್ಕೂ ದಾರಿ ಇದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನಹಾನಿಯದ್ದು. ಒಬ್ಬರ ನಡತೆ, ಜಾತಿ ಅಥವಾ ವೃತ್ತಿಯ ವಿಷಯದಲ್ಲಿ ಇತರರ ಕಣ್ಣಲ್ಲಿ ಬೆಲೆ ಕಡಿಮೆ ಮಾಡುವ ಆರೋಪವೂ ಅದರಲ್ಲಿ ಬರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. 15100ಕ್ಕೆ ಫೋನ್ ಮಾಡಿದರೆ ಸಾಕು. ಆದರೆ ಊರಿನ ಬಾಯಿಗೆ ಕೇಸು ಹಾಕಿ ಗೆದ್ದವರು ಕಡಿಮೆ. ಅದು ಕೊನೆಯ ದಾರಿಯಾಗಿರಲಿ ಎಂಬುದು ನನ್ನ ಅನಿಸಿಕೆ.

ನನಗೆ ಹೋದದ್ದು, ಅಕ್ಕನಿಗೆ ಹೋದದ್ದು

ಈಗ ನನ್ನ ತಪ್ಪಿನ ವಿಷಯ.

ಚಿಕ್ಕಮ್ಮನ ಫೋನ್ ಬಂದ ಒಂದು ತಿಂಗಳಿಗೆ ಸಾಗರದಲ್ಲಿ ನಮ್ಮ ನೆಂಟರ ಗೃಹಪ್ರವೇಶ ಇತ್ತು. ಊಟ ಆದ ಮೇಲೆ ಜಗಲಿಯಲ್ಲಿ ಈ ಮಾತು ಬಂತು. ನನಗೆ ಸಿಟ್ಟು ಬಂತು. ಅಕ್ಕನ ಪರವಾಗಿ ನಿಲ್ಲಬೇಕು ಅನ್ನಿಸಿತು. ನಿಂತೆ. ಅವರು ಎಷ್ಟು ಒಳ್ಳೆಯವರು, ಎಂಥ ಕಷ್ಟದಲ್ಲಿ ತಾಯಿಯನ್ನು ಸಾಕಿದರು, ಯಾವ ಬಡಾವಣೆಯಲ್ಲಿ ಬಾಡಿಗೆಗೆ ಇದ್ದಾರೆ, ಮಗಳು ಯಾವ ಶಾಲೆಯಲ್ಲಿ ಎಷ್ಟು ಅಂಕ ತೆಗೆದಳು, ಎಲ್ಲ ಹೇಳಿದೆ. ಅಲ್ಲಿದ್ದ ಇಬ್ಬರು ತಲೆ ಆಡಿಸಿ "ಪಾಪ" ಎಂದರು. ನಾನು ಗೆದ್ದೆ ಅಂದುಕೊಂಡೆ.

ಹತ್ತು ದಿನಕ್ಕೆ ಮನೆ ಮಾಲೀಕರು ಅಕ್ಕನಿಗೆ ಖಾಲಿ ಮಾಡಿ ಎಂದರು. ಮಾತು ಯಾರಿಂದ ಯಾರಿಗೆ ಹೋಯಿತೋ ಗೊತ್ತಿಲ್ಲ. ಆ ಬಡಾವಣೆಯಲ್ಲಿ ಅವರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು ಎಂದು ಎಲ್ಲರೂ ತಿಳಿದಿದ್ದರು. ಅಕ್ಕ ಆ ಮನೆಯಲ್ಲಿ ದಂಧೆ ಮಾಡುತ್ತಿರಲಿಲ್ಲ. ಆದರೆ ಗೊತ್ತಿದ್ದೂ ವೇಶ್ಯಾಗೃಹಕ್ಕೆ ಮನೆ ಕೊಟ್ಟ ಮಾಲೀಕರಿಗೂ ಶಿಕ್ಷೆ ಇದೆ. ಸುಮ್ನೆ ವಾಸಕ್ಕೆ ಬಾಡಿಗೆಗೆ ಕೊಡುವುದಕ್ಕೆ ಇದು ಅನ್ವಯಿಸುವುದಿಲ್ಲ. ಹೆದರಿದವರಿಗೆ ಈ ವ್ಯತ್ಯಾಸ ವಿವರಿಸಲು ಯಾರಿಗೆ ಸಮಯ ಇರುತ್ತದೆ? ಅಕ್ಕ ಇನ್ನೊಂದು ಊರಿಗೆ ಹೋದರು. ಮಗಳಿಗೆ ಅರ್ಧ ವರ್ಷದಲ್ಲಿ ಶಾಲೆ ಬದಲಾಯಿತು. ಅಕ್ಕ ನನ್ನ ಮೇಲೆ ರೇಗಲಿಲ್ಲ. ಮೂರು ತಿಂಗಳು ಫೋನ್ ಮಾಡಲಿಲ್ಲ, ಅಷ್ಟೇ.

ಆ ಗೆಳೆತನದಿಂದ ನನಗೆ ಆದ ನಷ್ಟವನ್ನು ಲೆಕ್ಕ ಹಾಕಿದ್ದೇನೆ. ಒಂದು ನಿಶ್ಚಿತಾರ್ಥಕ್ಕೆ ಕರೆ ಬರಲಿಲ್ಲ. ಚಿಕ್ಕಮ್ಮ ಒಂದು ಮಳೆಗಾಲ ಪೂರ್ತಿ ಸರಿಯಾಗಿ ಮಾತಾಡಲಿಲ್ಲ. ಚಿಕ್ಕಪ್ಪನ ಮಗಳ ಮದುವೆ ಮುಂದಿನ ವರ್ಷವೇ ಆಯಿತು. ನನ್ನ ಕೆಲಸ ಹೋಗಲಿಲ್ಲ, ಸಾಲಕ್ಕೆ ಜಾಮೀನು ಸಿಕ್ಕಿತು. ಅಕ್ಕನಿಗೆ ಹೋದದ್ದು ಮನೆ.

ಇದೇ ನಾನು ಹೇಳಬೇಕೆಂದು ಹೊರಟ ವಿಷಯ. ಇಂಥ ಗೆಳೆತನದ ಬಗ್ಗೆ ಯೋಚಿಸುವಾಗ ನಾವು "ನನ್ನ ಹೆಸರು ಏನಾಗುತ್ತದೆ" ಎಂದು ಕೇಳಿಕೊಳ್ಳುತ್ತೇವೆ. ಗೆಳತಿಯ ಹೆಸರು ಆಗಲೇ ಹಾಳಾಗಿದೆ, ಅವರಿಗೆ ಕಳೆದುಕೊಳ್ಳಲು ಏನೂ ಇಲ್ಲ ಎಂಬ ಊಹೆ ಅದರೊಳಗೆ ಇರುತ್ತದೆ. ಗಾದೆಯಲ್ಲಿ ಹೆಂಡ ಇಳಿಸುವವನು ಕಾಣದೆ ಹೋದ ಹಾಗೆ. ನಿಜ ಏನೆಂದರೆ ಅವರು ಒಂದೊಂದು ಜಾಗಕ್ಕೆ ಒಂದೊಂದು ಹೆಸರನ್ನು ಬಹಳ ಜೋಪಾನವಾಗಿ ಕಟ್ಟಿಕೊಂಡಿರುತ್ತಾರೆ. ಬಡಾವಣೆಯಲ್ಲಿ ಒಂದು, ಮಗಳ ಶಾಲೆಯಲ್ಲಿ ಒಂದು, ತವರಿನಲ್ಲಿ ಒಂದು. ಅವುಗಳ ನಡುವಿನ ಗೋಡೆ ಎಲ್ಲಿದೆ ಎಂದು ಅವರಿಗೆ ಮಾತ್ರ ಗೊತ್ತು. ನಾವು ಅವರ ಪರವಾಗಿ ಧೈರ್ಯ ತೋರಿಸಿದಾಗ ಒಡೆಯುವುದು ಆ ಗೋಡೆ.

ದಾರಿಯಲ್ಲಿ ಸಿಕ್ಕಾಗ ಮಾತಾಡಿಸದೆ ಹೋಗುವುದನ್ನೇ ತೆಗೆದುಕೊಳ್ಳಿ. ನೋಡಿಯೂ ನೋಡದವಳ ಹಾಗೆ ನಾನು ರಸ್ತೆ ದಾಟಿದರೆ ಅದು ಅವಮಾನ. ಅದೇ, "ಗಾಂಧಿ ಬಜಾರಿನಲ್ಲಿ ಸಿಕ್ಕರೆ ಮಾತಾಡಿಸಬೇಡ, ಮಗಳು ಜೊತೆಗಿರುತ್ತಾಳೆ" ಎಂದು ಅಕ್ಕನೇ ಹೇಳಿದ್ದರೆ ಅದು ಮರ್ಯಾದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಯಾರು ಕೇಳಿಕೊಂಡರು ಎಂಬುದರಲ್ಲಿ ವ್ಯತ್ಯಾಸ ಇದೆ.

ನಿಮಗೆ ನಿಜವಾಗಿ ಅಪಾಯ ಇರುವ ಕಾಲವೂ ಬರಬಹುದು. ಮಗುವಿನ ವಶಕ್ಕಾಗಿ ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ, ಎದುರಿನವರು ಇದನ್ನೇ ನಿಮ್ಮ ಮೇಲೆ ಎತ್ತಬಹುದು. ಹೊಸ ಕೆಲಸ, ಹೊಸ ಗಂಡನ ಮನೆ, ತಂಗಿಯ ಮದುವೆ ಮಾತುಕತೆ ಇರಬಹುದು. ಆಗ ಭೇಟಿ ಕಡಿಮೆ ಮಾಡುವುದು ದ್ರೋಹ ಅಲ್ಲ. ಹೇಳದೆ ಕಡಿಮೆ ಮಾಡುವುದು ದ್ರೋಹ. "ಮಾರ್ಚ್‌ವರೆಗೆ ನನಗೆ ಹೀಗೊಂದು ಕಷ್ಟ ಇದೆ, ಫೋನಿನಲ್ಲಿ ಸಿಗ್ತೀನಿ" ಎಂದರೆ ಅವರು ಅರ್ಥ ಮಾಡಿಕೊಳ್ಳುತ್ತಾರೆ. ಈ ಲೆಕ್ಕಾಚಾರದಲ್ಲಿ ಅವರು ನಮಗಿಂತ ಬಹಳ ಪಳಗಿದವರು. ನಿಧಾನವಾಗಿ ಫೋನ್ ಎತ್ತದೆ ಹೋಗುವುದನ್ನೂ ಅವರು ನಮಗಿಂತ ಬೇಗ ಗುರುತಿಸುತ್ತಾರೆ. ಹಾಗೆ ಬಿಟ್ಟು ಹೋದವರನ್ನು ಅವರು ಎಷ್ಟೋ ಜನರನ್ನು ಕಂಡಿರುತ್ತಾರೆ.

ಕಳಂಕ ಕರಗಿದ್ದೂ ಇದೆ

ಯಕ್ಷಗಾನ ಮೇಳಕ್ಕೆ ಸೇರಿದವನಿಗೆ ಹೆಣ್ಣು ಕೊಡುವುದಿಲ್ಲ ಎನ್ನುತ್ತಿದ್ದ ಹಿರಿಯರು ನಮ್ಮ ಮನೆಗಳಲ್ಲೇ ಇದ್ದರು. ನಾಟಕದ ಕಂಪನಿಯ ಹೆಂಗಸರ ಬಗ್ಗೆ ಆಡುತ್ತಿದ್ದ ಮಾತು ಇನ್ನೂ ಕೆಟ್ಟದ್ದು. 2012ರಲ್ಲಿ ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆ ಅವರಿಗೆ ಪದ್ಮಶ್ರೀ ಬಂತು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ಎಂಬ ನಾಟಕ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಇವತ್ತು ಅಲ್ಲಿ ಓದಿದ ಮಗಳ ಬಗ್ಗೆ ಅಪ್ಪ ಅಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊರಿನಲ್ಲಿ ಪಿಗ್ಮಿ ಜಾಸ್ತಿ ಇದ್ದವರು ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡಿದ್ದರಿಂದ, ತಮ್ಮ ಮಕ್ಕಳನ್ನೇ ಕಳಿಸಿದ್ದರಿಂದ ಇದು ಆಯಿತು. ಕಳಂಕ ಹೇಗೆ ಪಕ್ಕದವರಿಗೆ ಹರಡುತ್ತದೆಯೋ, ಮರ್ಯಾದೆಯೂ ಹಾಗೇ ಹರಡುತ್ತದೆ. ಹಾಗಾಗಿ ಖಾತೆಯಲ್ಲಿ ಇರುವವರು ಖರ್ಚು ಮಾಡಬೇಕು ಎಂಬುದು ನನ್ನ ನಂಬಿಕೆ.

ಇನ್ನೂ ಹಿಂದಿನದು ನಮ್ಮ ಜಿಲ್ಲೆಯಲ್ಲೇ ಇದೆ. ಶಿಕಾರಿಪುರದ ಬಳ್ಳಿಗಾವಿಯ ಅಲ್ಲಮ ಶೂನ್ಯಪೀಠದಲ್ಲಿ ಕೂತಾಗ ಸುತ್ತ ಇದ್ದ ಶರಣರ ಹೆಸರುಗಳನ್ನು ಒಮ್ಮೆ ನೋಡಿ. ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂದು ಆ ಕಾಲದ ಶರಣರನ್ನು ಕರೆಯುತ್ತೇವೆ. ವಚನ ಬರೆದ ಸೂಳೆ ಸಂಕವ್ವ ಇದ್ದಾಳೆ. ಗಾದೆಯಿಂದ ಕಾಣೆಯಾದ ಹೆಂಡದವನೂ ಅಲ್ಲಿದ್ದಾನೆ, ಹೆಂಡದ ಮಾರಯ್ಯ ಎಂಬ ಹೆಸರಿನಲ್ಲಿ. ಕೆಲಸವನ್ನು ಮುಚ್ಚಿಡಲಿಲ್ಲ, ಹೆಸರಿನ ಮುಂದೆಯೇ ಇಟ್ಟರು. ಆದರೆ ಅವರ ಸುತ್ತ ಒಂದು ಕೂಟ ಇತ್ತು. ಅಕ್ಕನ ಸುತ್ತ ಅಂಥದ್ದು ಇನ್ನೂ ಇಲ್ಲ. ಕೂಟ ಇಲ್ಲದವರನ್ನು ಕೆಲಸದ ಹೆಸರು ಹಿಡಿದು ಪರಿಚಯಿಸುವ ಹಕ್ಕು ನನಗಿಲ್ಲ.

ಕಳೆದ ತಿಂಗಳು ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ಜೊತೆಗೆ ನಾನೇ ಇದ್ದೆ. ದಾಖಲು ಮಾಡುವ ಫಾರಂನಲ್ಲಿ "ರೋಗಿಗೆ ಏನಾಗಬೇಕು" ಎಂಬ ಜಾಗ ಇತ್ತು. ಮೊದಲಿನ ನಾನಾಗಿದ್ದರೆ ಗೆಳತಿ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ. ಪೆನ್ನು ಹಿಡಿದು ಅಕ್ಕನ ಮುಖ ನೋಡಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ತಂಗಿ ಅಂತ ಬರಿ. ಗೆಳತಿ ಅಂದ್ರೆ ನೂರು ಪ್ರಶ್ನೆ ಕೇಳ್ತಾರೆ."

ತಂಗಿ ಎಂದು ಬರೆದು ಸಹಿ ಹಾಕಿದೆ.